ಹೆಗಲಿನ ರಕ್ತನಾಳಗಳ ಪಾಠಾಂತರಗಳು

ಮನುಷ್ಯದೇಹದ ಕೀಲುಗಳಲ್ಲಿ ಅತಿ ಹೆಚ್ಚು ದಿಕ್ಕುಗಳಿಗೆ ತಿರುಗಬಲ್ಲದ್ದು ಭುಜದ ಕೀಲು. ತೋಳಿನ ಮೂಳೆಯ ದುಂಡನೆಯ ತಲೆಯು ಹೆಗಲ ಹಲಗೆಮೂಳೆಯ ಅಂಚಿನಲ್ಲಿರುವ ಆಳವಿಲ್ಲದ ಬಟ್ಟಲಿಗೆ ಆತುಕೊಂಡಿರುವುದರಿಂದ, ಅದನ್ನು ಸ್ಥಾನದಲ್ಲಿ ಹಿಡಿದಿಡುವ ಹೊಣೆಯ ಬಹುಪಾಲು ಸುತ್ತಲಿನ ಸ್ನಾಯುಗಳ ಮೇಲೆ ಬಿದ್ದಿದೆ. ಹೊರೆ ಹೊರುವಾಗ, ನೇಗಿಲು ಹಿಡಿಯುವಾಗ, ಬಾವಿಯಿಂದ ನೀರು ಸೇದುವಾಗ ಬಿಡುವಿಲ್ಲದೆ ದುಡಿಯುವ ಈ ಸ್ನಾಯುಗಳಿಗೆ ರಕ್ತವನ್ನು ತಂದುಕೊಡುವ ನಾಳಗಳೇ ಈ ದತ್ತಿ ಉಪನ್ಯಾಸದ ವಿಷಯ. ಹೃದಯದಿಂದ ರಕ್ತವನ್ನು ಹೊರಗೊಯ್ಯುವ ನಾಳಕ್ಕೆ ಅಪಧಮನಿಯೆಂದು ಹೆಸರು. ಭುಜದ ಅಪಧಮನಿಗಳು ಎಲ್ಲರಲ್ಲಿಯೂ ಒಂದೇ ಕಡೆ ಹುಟ್ಟಿ ಒಂದೇ ದಾರಿಯಲ್ಲಿ ಸಾಗುತ್ತವೆಯೆಂಬ ಭಾವನೆ ಪಠ್ಯಪುಸ್ತಕದ ಚಿತ್ರವನ್ನು ನೋಡಿದವರಿಗೆ ಬರುವುದು ಸಹಜವಾದರೂ, ಶವಚ್ಛೇದನದ ಮೇಜು ಬೇರೆಯದನ್ನೇ ಹೇಳುತ್ತದೆ.

ಈ ಭಿನ್ನತೆಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದು ಕೇವಲ ಪಾರಿಭಾಷಿಕ ಪದದ ಪ್ರಶ್ನೆಯಲ್ಲ. ಅಸಹಜತೆ, ವಿಕೃತಿ ಎಂಬ ಮಾತುಗಳಿಗೆ ರೋಗದ ನೆರಳು ಅಂಟಿಕೊಂಡಿದೆ. ಇಲ್ಲಿಯಾದರೋ ರೋಗವಿಲ್ಲ, ನೋವಿಲ್ಲ, ತೋಳಿನ ಶಕ್ತಿಗೆ ಕುಂದಿಲ್ಲ. ಹಳೆಯ ಕಾವ್ಯಗಳ ಓಲೆಗರಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದ ಸಂಪಾದಕರು, ಪ್ರತಿಯಿಂದ ಪ್ರತಿಗೆ ಬೇರೆಯಾಗುವ ಮಾತುಗಳನ್ನು ತಳ್ಳಿಹಾಕದೆ, ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ಕಾಣಿಸುವ ಕ್ರಮವನ್ನು ಕನ್ನಡದಲ್ಲಿ ಬೆಳೆಸಿದ್ದಾರೆ. ಹೆಗಲಿನ ರಕ್ತನಾಳಗಳ ಭೇದಗಳಿಗೆ ಆ ಪದವೇ ಹೆಚ್ಚು ಒಪ್ಪುತ್ತದೆ. ಆದರೆ ಒಂದು ಅಂತರವನ್ನು ಮರೆಯಬಾರದು: ಕವಿ ಬರೆದ ಮೂಲಪ್ರತಿಯೊಂದು ಒಮ್ಮೆ ಇದ್ದಿತೆಂದು ಸಂಪಾದಕನು ನಂಬಬಹುದು, ದೇಹಕ್ಕೆ ಅಂತಹ ಮೂಲಪ್ರತಿಯಿಲ್ಲ. ಪಠ್ಯಪುಸ್ತಕದ ಚಿತ್ರವು ಹೆಚ್ಚು ಜನರಲ್ಲಿ ಕಂಡುಬಂದ ಪಾಠವೇ ಹೊರತು, ಉಳಿದವರೆಲ್ಲ ಯಾವುದರಿಂದ ದಾರಿ ತಪ್ಪಿದರೆಂದು ಹೇಳಬಹುದೋ ಅಂತಹ ಮೂಲವಲ್ಲ.

ಪಠ್ಯ ಹೇಳುವ ದಾರಿ

ಕೊರಳ ಬುಡದಲ್ಲಿ ಕಾಲರ್‌ಬೋನಿನ ಹಿಂದೆ ಸಾಗುವ ಸಬ್‌ಕ್ಲೇವಿಯನ್ ಅಪಧಮನಿಯು ಮೊದಲನೆಯ ಪಕ್ಕೆಲುಬಿನ ಹೊರ ಅಂಚನ್ನು ದಾಟಿದೊಡನೆ ಆಕ್ಸಿಲರಿ ಅಪಧಮನಿ, ಎಂದರೆ ಕಂಕುಳಿನ ಅಪಧಮನಿ, ಎಂಬ ಹೆಸರನ್ನು ಪಡೆಯುತ್ತದೆ. ಟೆರೀಸ್ ಮೇಜರ್ ಎಂಬ ಸ್ನಾಯುವಿನ ಕೆಳ ಅಂಚನ್ನು ದಾಟಿದಾಗ ಅದೇ ನಾಳ ತೋಳಿನ ಅಪಧಮನಿಯೆನಿಸುತ್ತದೆ. ನಾಳ ಒಂದೇ, ಗಡಿ ದಾಟಿದಂತೆ ಹೆಸರು ಬೇರೆ. ಈ ನಾಳದ ಮುಂದೆ ಅಡ್ಡಲಾಗಿ ಹಾಯುವ ಪೆಕ್ಟೊರಾಲಿಸ್ ಮೈನರ್ ಎಂಬ ಎದೆಯ ಚಿಕ್ಕ ಸ್ನಾಯುವನ್ನು ಗುರುತಾಗಿಟ್ಟುಕೊಂಡು ಅಂಗರಚನಾಶಾಸ್ತ್ರಜ್ಞರು ಕಂಕುಳಿನ ಅಪಧಮನಿಯನ್ನು ಮೂರು ಭಾಗ ಮಾಡಿದ್ದಾರೆ. ಮೊದಲ ಭಾಗದಿಂದ ಒಂದು, ಎರಡನೆಯದರಿಂದ ಎರಡು, ಮೂರನೆಯದರಿಂದ ಮೂರು, ಒಟ್ಟು ಆರು ಕವಲುಗಳು ಹೊರಡುತ್ತವೆಯೆಂಬ ಲೆಕ್ಕವನ್ನು ವೈದ್ಯಕೀಯ ವಿದ್ಯಾರ್ಥಿಗಳು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ.

ಇವುಗಳಲ್ಲಿ ಭುಜಕ್ಕೆ ಮುಖ್ಯವಾದವು ನಾಲ್ಕು. ಎರಡನೆಯ ಭಾಗದಿಂದ ಹೊರಡುವ ಥೊರಾಕೊಅಕ್ರೋಮಿಯಲ್ ಅಪಧಮನಿಯು ಎದೆ, ಹೆಗಲ ತುದಿ, ಡೆಲ್ಟಾಯ್ಡ್ ಸ್ನಾಯು ಮತ್ತು ಕಾಲರ್‌ಬೋನ್ ಎಂಬ ನಾಲ್ಕು ದಿಕ್ಕಿಗೆ ಒಡೆಯುತ್ತದೆ. ಮೂರನೆಯ ಭಾಗದಿಂದ ಹೊರಡುವ ಸಬ್‌ಸ್ಕ್ಯಾಪುಲರ್ ಅಪಧಮನಿ ಆರರಲ್ಲಿ ಎಲ್ಲಕ್ಕಿಂತ ದೊಡ್ಡದು. ಅದು ಹಲಗೆಮೂಳೆಯನ್ನು ಬಳಸಿ ಹಿಂದಕ್ಕೆ ಹೋಗುವ ಒಂದು ಕವಲಾಗಿಯೂ, ಬೆನ್ನಿನ ಅಗಲವಾದ ಲ್ಯಾಟಿಸಿಮಸ್ ಡಾರ್ಸೈ ಸ್ನಾಯುವಿಗೆ ಇಳಿಯುವ ಥೊರಾಕೊಡಾರ್ಸಲ್ ಎಂಬ ಇನ್ನೊಂದು ಕವಲಾಗಿಯೂ ಒಡೆಯುತ್ತದೆ. ಉಳಿದ ಎರಡು ತೋಳಿನ ಮೂಳೆಯ ಕತ್ತನ್ನು ಮುಂದಿನಿಂದಲೂ ಹಿಂದಿನಿಂದಲೂ ಸುತ್ತುವರಿಯುವ ಸರ್ಕಮ್‌ಫ್ಲೆಕ್ಸ್ ಅಪಧಮನಿಗಳು. ಹಿಂದಿನದು ಮುಂದಿನದಕ್ಕಿಂತ ದಪ್ಪ; ಹೆಗಲಿಗೆ ದುಂಡನೆಯ ಆಕಾರ ಕೊಡುವ ಡೆಲ್ಟಾಯ್ಡ್ ಸ್ನಾಯುವಿನ ಮುಖ್ಯ ಆಸರೆ ಅದೇ. ಇವಲ್ಲದೆ ಕೊರಳ ಬುಡದಿಂದಲೇ ಹೊರಟು ಬರುವ ಸುಪ್ರಾಸ್ಕ್ಯಾಪುಲರ್ ಅಪಧಮನಿಯು ಹಲಗೆಮೂಳೆಯ ಹಿಂಬದಿಯ ಸ್ನಾಯುಗಳನ್ನು, ಡಾರ್ಸಲ್ ಸ್ಕ್ಯಾಪುಲರ್ ಅಪಧಮನಿಯು ಅದೇ ಮೂಳೆಯ ಒಳ ಅಂಚಿನ ಸ್ನಾಯುಗಳನ್ನು ಪೋಷಿಸುತ್ತವೆ.

ಮೇಜಿನ ಮೇಲೆ ಕಾಣುವ ದಾರಿಗಳು

ಆರು ಕವಲೆಂಬ ಲೆಕ್ಕ ಎಲ್ಲ ಕಂಕುಳುಗಳಲ್ಲಿಯೂ ಕೂಡಿಬರುವುದಿಲ್ಲ. ಎರಡು ಮೂರು ಕವಲುಗಳು ಒಂದೇ ಕಾಂಡದಿಂದ ಹೊರಟಾಗ ಸಂಖ್ಯೆ ಐದಕ್ಕೋ ನಾಲ್ಕಕ್ಕೋ ಇಳಿಯುತ್ತದೆ. ಸಾಮಾನ್ಯವಾಗಿ ಉಪಕವಲಾಗಿರುವುದು ನೇರವಾಗಿ ತಾಯಿನಾಳದಿಂದಲೇ ಹೊರಟಾಗ ಏಳಕ್ಕೂ ಅದರಾಚೆಗೂ ಏರುತ್ತದೆ. ಜಪಾನಿನ ಬುಂಟಾರೊ ಅಡಾಚಿ 1928ರಲ್ಲಿ ಪ್ರಕಟಿಸಿದ, ಜಪಾನೀಯರ ಅಪಧಮನಿಗಳನ್ನು ಕುರಿತ ಬೃಹತ್ ಗ್ರಂಥ ಮತ್ತು ಅಮೆರಿಕದ ಡೊನಾಲ್ಡ್ ಹ್ಯೂಲ್ಕಿ 1959ರಲ್ಲಿ ಕಂಕುಳಿನ ಅಪಧಮನಿಯ ಕವಲುಗಳ ಹುಟ್ಟನ್ನು ಕುರಿತು ಪ್ರಕಟಿಸಿದ ಅಧ್ಯಯನ ಇಂತಹ ಭೇದಗಳನ್ನು ಎಣಿಸಿ, ವರ್ಗೀಕರಿಸಿ ಇಟ್ಟ ಕೆಲಸಗಳಲ್ಲಿ ಪ್ರಮುಖವಾದವು. ಒಬ್ಬನೇ ವ್ಯಕ್ತಿಯ ಎಡಗಂಕುಳೂ ಬಲಗಂಕುಳೂ ಒಂದೇ ತೆರನಾಗಿರಬೇಕೆಂಬ ನಿಯಮವೂ ಇಲ್ಲ.

ಈ ಭೇದಗಳಲ್ಲಿ ಒಂದನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಕಂಕುಳಿನ ಹಿಂಗೋಡೆಯಲ್ಲಿ, ಮೇಲೆ ಟೆರೀಸ್ ಮೈನರ್, ಕೆಳಗೆ ಟೆರೀಸ್ ಮೇಜರ್, ಒಳಬದಿಗೆ ಟ್ರೈಸೆಪ್ಸ್ ಸ್ನಾಯುವಿನ ಉದ್ದನೆಯ ತಲೆ, ಹೊರಬದಿಗೆ ತೋಳಿನ ಮೂಳೆಯ ಕತ್ತು, ಈ ನಾಲ್ಕರ ನಡುವೆ ಕಿಟಕಿಯಂತಹ ಒಂದು ಚೌಕದ ಸಂದಿಯಿದೆ. ಹಿಂದಿನ ಸರ್ಕಮ್‌ಫ್ಲೆಕ್ಸ್ ಅಪಧಮನಿಯು ಡೆಲ್ಟಾಯ್ಡನ್ನು ಆಡಿಸುವ ಆಕ್ಸಿಲರಿ ನರದ ಜೊತೆಗೂಡಿ ಈ ಕಿಟಕಿಯಿಂದ ಹಿಂದಕ್ಕೆ ನುಸುಳಿ, ಮೂಳೆಯ ಕತ್ತನ್ನು ಬಳಸಿ, ಡೆಲ್ಟಾಯ್ಡಿನ ಒಳಮೈಯನ್ನು ಸೇರುವುದು ಬಹುಜನರಲ್ಲಿ ಕಂಡುಬರುವ ಪಾಠ. ಆದರೆ ಕೆಲವರಲ್ಲಿ ಇದು ಸಬ್‌ಸ್ಕ್ಯಾಪುಲರ್ ಅಪಧಮನಿಯೊಡನೆ ಒಂದೇ ಕಾಂಡದಿಂದ, ಮತ್ತೆ ಕೆಲವರಲ್ಲಿ ಮುಂದಿನ ಸರ್ಕಮ್‌ಫ್ಲೆಕ್ಸ್‌ನೊಡನೆ ಒಂದೇ ಕಾಂಡದಿಂದ ಹೊರಡುತ್ತದೆ. ಇನ್ನೂ ಕೆಲವರಲ್ಲಿ ಅದು ಕಂಕುಳಿನಲ್ಲಿ ಹುಟ್ಟುವುದೇ ಇಲ್ಲ. ತೋಳಿನಲ್ಲಿ ಕೆಳಗಿರುವ ಪ್ರೊಫಂಡಾ ಎಂಬ ಆಳದ ಅಪಧಮನಿಯಿಂದ ಹುಟ್ಟಿ, ಚೌಕದ ಕಿಟಕಿಯನ್ನು ಬಿಟ್ಟು ಟೆರೀಸ್ ಮೇಜರ್ ಸ್ನಾಯುವಿನ ಕೆಳಗಿನಿಂದ ಮೇಲಕ್ಕೇರಿ ಅದೇ ಡೆಲ್ಟಾಯ್ಡನ್ನು ಸೇರುತ್ತದೆ. ಆಗ ನರವು ಕಿಟಕಿಯಲ್ಲಿ ಒಂಟಿಯಾಗಿ ಹಾಯುತ್ತದೆ. ನರವನ್ನು ಹುಡುಕಿದರೆ ಅದರ ಪಕ್ಕದಲ್ಲಿಯೇ ಅಪಧಮನಿ ಸಿಗುತ್ತದೆಂದು ನಂಬಿದ ಕೈ ಇಲ್ಲಿ ಮೋಸಹೋಗುತ್ತದೆ.

ಹಲಗೆಮೂಳೆಯ ಮೇಲಂಚಿನಲ್ಲಿ ಒಂದು ಕಚ್ಚು ಇದ್ದು, ಮೂಳೆಯಿಂದ ಮೂಳೆಗೆ ಬಿಗಿದ ಅಸ್ಥಿರಜ್ಜು ಎಂಬ ಪಟ್ಟಿಯೊಂದು ಅದರ ಮೇಲೆ ಸೇತುವೆಯಂತೆ ಹಾದಿದೆ. ಸುಪ್ರಾಸ್ಕ್ಯಾಪುಲರ್ ಅಪಧಮನಿ ಸೇತುವೆಯ ಮೇಲೆ, ಅದೇ ಹೆಸರಿನ ನರ ಸೇತುವೆಯ ಕೆಳಗೆ ಎಂಬುದು ವಾಡಿಕೆಯ ಪಾಠವಾದರೂ, ಕೆಲವರಲ್ಲಿ ಅಪಧಮನಿಯೂ ನರದೊಡನೆ ಸೇತುವೆಯ ಕೆಳಗೇ ತೂರುತ್ತದೆ. ಮೊದಲೇ ಇಕ್ಕಟ್ಟಾದ ಆ ಜಾಗದಲ್ಲಿ ನರ ಒತ್ತಿಹೋಗಲು ಅವಕಾಶ ಹೆಚ್ಚುವುದು ಒಂದು ತೊಡಕಾದರೆ, ನರದ ಬಿಡುಗಡೆಗೆಂದು ಪಟ್ಟಿಯನ್ನು ಕತ್ತರಿಸುವಾಗ ಅಪಧಮನಿಗೆ ಕತ್ತರಿ ತಗಲುವುದು ಇನ್ನೊಂದು. ಈ ನಾಳದ ಹುಟ್ಟೂ ಒಂದೇ ಕಡೆಯಲ್ಲ: ಸಾಮಾನ್ಯವಾಗಿ ಕೊರಳಿನ ಥೈರೊಸರ್ವೈಕಲ್ ಕಾಂಡದಿಂದ, ಕೆಲವೊಮ್ಮೆ ನೇರವಾಗಿ ಸಬ್‌ಕ್ಲೇವಿಯನ್‌ನಿಂದ, ಅಪರೂಪಕ್ಕೆ ಕಂಕುಳಿನ ಅಪಧಮನಿಯಿಂದಲೇ ಅದು ಹೊರಡುತ್ತದೆ.

ಭೇದಗಳು ಹುಟ್ಟುವ ಬಗೆ

ಇಷ್ಟೆಲ್ಲ ಭೇದಗಳ ನಡುವೆ ಒಂದು ಸ್ಥಿರತೆಯೂ ಕಾಣುತ್ತದೆ. ನಾಳ ಹೊರಡುವ ಜಾಗ ಎಷ್ಟೇ ಬದಲಾದರೂ ಅದು ಸ್ನಾಯುವನ್ನು ಹೊಗುವ ಜಾಗ ಅಷ್ಟಾಗಿ ಬದಲಾಗುವುದಿಲ್ಲ. ಥೊರಾಕೊಡಾರ್ಸಲ್ ಅಪಧಮನಿಯು ಸಬ್‌ಸ್ಕ್ಯಾಪುಲರ್‌ನಿಂದ ಹುಟ್ಟಲಿ, ನೇರವಾಗಿ ಕಂಕುಳಿನ ಅಪಧಮನಿಯಿಂದಲೇ ಹುಟ್ಟಲಿ, ಲ್ಯಾಟಿಸಿಮಸ್ ಡಾರ್ಸೈ ಸ್ನಾಯುವನ್ನು ಅದರ ಒಳಮೈಯಲ್ಲಿ, ನರದ ಜೊತೆಯಲ್ಲಿಯೇ ಸೇರುತ್ತದೆ. ಒಂದೇ ಗದ್ದೆಗೆ ನೀರು ಬೇರೆ ಬೇರೆ ತೂಬುಗಳಿಂದ ಹರಿದು ಬಂದರೂ ಒಳಗೆ ಬರುವ ಮಡೆ ಒಂದೇ ಆಗಿರುವಂತೆ, ಇಲ್ಲಿ ಹಾದಿ ಪಲ್ಲಟವಾಗುತ್ತದೆ, ತಲಪುವ ಠಾವು ಉಳಿಯುತ್ತದೆ.

ಇದರ ಕಾರಣವನ್ನು ಭ್ರೂಣದ ಬೆಳವಣಿಗೆಯಲ್ಲಿ ಹುಡುಕಬೇಕು. ಗರ್ಭಧಾರಣೆಯಾದ ನಾಲ್ಕನೆಯ ವಾರದಲ್ಲಿ ಭ್ರೂಣದ ಪಕ್ಕದಲ್ಲಿ ತೋಳು ಮೊಗ್ಗಿನಂತೆ ಮೂಡುವಾಗ ಅದರೊಳಗೆ ಅಪಧಮನಿಯ ಕವಲುಗಳಿರುವುದಿಲ್ಲ. ಕೂದಲಿಗಿಂತ ಸಣ್ಣದಾದ ಲೋಮನಾಳಗಳ ಒಂದು ಬಲೆ ಮಾತ್ರ ಇರುತ್ತದೆ. ಕೊರಳಿನ ಏಳನೆಯ ಖಂಡದ ಅಪಧಮನಿಯಿಂದ ಈ ಬಲೆಗೆ ರಕ್ತ ನುಗ್ಗಿದಂತೆ, ಹರಿವು ಹೆಚ್ಚಿದ ಎಳೆಗಳು ಹಿಗ್ಗಿ ಗೋಡೆ ಕಟ್ಟಿಕೊಂಡು ಅಪಧಮನಿಗಳಾಗುತ್ತವೆ, ಹರಿವು ಕುಂದಿದ ಎಳೆಗಳು ಬತ್ತಿ ಮರೆಯಾಗುತ್ತವೆ. ರಕ್ತನಾಳದ ಗಾತ್ರ ಅದರೊಳಗಿನ ಹರಿವಿಗೆ ಅನುಗುಣವಾಗಿ ರೂಪುಗೊಳ್ಳುತ್ತದೆಂದು ಜರ್ಮನಿಯ ರಿಚರ್ಡ್ ಥೋಮಾ 1893ರಷ್ಟು ಹಿಂದೆಯೇ ವಾದಿಸಿದ್ದರು. ಎಂಟನೆಯ ವಾರದ ಹೊತ್ತಿಗೆ ವಯಸ್ಕರಲ್ಲಿ ಕಾಣುವ ವಿನ್ಯಾಸ ಬಹುಮಟ್ಟಿಗೆ ಸಿದ್ಧವಾಗಿರುತ್ತದೆ. ಬೆಳೆಯುತ್ತಿರುವ ಸ್ನಾಯುವಿಗೆ ರಕ್ತ ಬೇಕು. ಅದನ್ನು ತರಬಲ್ಲ ಎಳೆಗಳು ಬಲೆಯಲ್ಲಿ ಹಲವಿವೆ. ಅವುಗಳಲ್ಲಿ ಯಾವುದು ಉಳಿಯಬೇಕೆಂಬುದನ್ನು ಆ ಕೆಲವು ದಿನಗಳ ಹರಿವು ನಿರ್ಧರಿಸುತ್ತದೆ. ಸ್ನಾಯುವಿನ ಬೇಡಿಕೆ ಎಲ್ಲರಲ್ಲಿಯೂ ಒಂದೇ ಆದುದರಿಂದ ತಲಪುವ ಜಾಗ ಸ್ಥಿರವಾಗುತ್ತದೆ, ಆಯ್ಕೆಗೆ ಎಡೆಯಿರುವುದರಿಂದ ಹೊರಡುವ ಜಾಗ ಬದಲಾಗುತ್ತದೆ. ಒಂದು ನಾಳ ಸಣ್ಣದಾಗಿ ಉಳಿದಲ್ಲಿ ನೆರೆಯ ನಾಳ ದೊಡ್ಡದಾಗಿ ಬೆಳೆದಿರುವುದೂ ಇದೇ ಕಾರಣದಿಂದ. ಹೀಗಾಗಿ ಪ್ರತಿಯೊಂದು ಪಾಠಾಂತರವೂ, ಆ ದೇಹವು ತನ್ನ ಆರಂಭದ ವಾರಗಳಲ್ಲಿ ರಕ್ತದ ಹರಿವಿನೊಡನೆ ಮಾಡಿಕೊಂಡ ಒಡಂಬಡಿಕೆಯ ದಾಖಲೆ.

ಬಳಸುದಾರಿ

ಬಲೆಯಾಗಿದ್ದ ಆ ಹಳೆಯ ಸ್ಥಿತಿಯ ಗುರುತು ಹಲಗೆಮೂಳೆಯ ಸುತ್ತ ಜೀವಮಾನವಿಡೀ ಉಳಿಯುತ್ತದೆ. ಕೊರಳ ಬುಡದಿಂದ ಬರುವ ಸುಪ್ರಾಸ್ಕ್ಯಾಪುಲರ್ ಮತ್ತು ಡಾರ್ಸಲ್ ಸ್ಕ್ಯಾಪುಲರ್ ಅಪಧಮನಿಗಳು, ಕಂಕುಳಿನಿಂದ ಬರುವ ಸಬ್‌ಸ್ಕ್ಯಾಪುಲರ್‌ನ ಕವಲುಗಳೊಡನೆ ಮೂಳೆಯ ಎರಡೂ ಮೈಗಳ ಮೇಲೆ ಕೂಡಿಕೊಳ್ಳುತ್ತವೆ. ಮುಖ್ಯ ನಾಳವು ಈ ಎರಡು ತುದಿಗಳ ನಡುವೆ ಎಲ್ಲಿಯಾದರೂ ಮುಚ್ಚಿಹೋದರೆ, ರಕ್ತವು ಹಲಗೆಮೂಳೆಯನ್ನು ಬಳಸಿ ಬಂದು ತೋಳನ್ನು ಕಾಯಬಲ್ಲದು. ಗಾಯಗೊಂಡ ಕಂಕುಳಿನ ಅಪಧಮನಿಯನ್ನು ಕಟ್ಟಲೇಬೇಕಾದಾಗ ಸಬ್‌ಸ್ಕ್ಯಾಪುಲರ್ ಹುಟ್ಟುವ ಜಾಗಕ್ಕಿಂತ ಮೇಲೆಯೇ ಕಟ್ಟಬೇಕೆಂದು ಶಸ್ತ್ರವೈದ್ಯದ ಹಳೆಯ ಬೋಧನೆ ಹೇಳುವುದು ಇದಕ್ಕಾಗಿ. ಆದರೆ ಆ ಹುಟ್ಟುವ ಜಾಗವೇ ಕೆಲವರಲ್ಲಿ ಮೂರನೆಯ ಭಾಗದಲ್ಲಿರದೆ ಎರಡನೆಯ ಭಾಗದಲ್ಲಿರುವುದರಿಂದ, ಬೋಧನೆಯ ಅರ್ಥವನ್ನು ಅರಿಯದೆ ಅಳತೆಯನ್ನಷ್ಟೇ ನೆನಪಿಟ್ಟುಕೊಂಡವನ ಕಟ್ಟು ತಪ್ಪಾದ ಬದಿಗೆ ಬೀಳಬಹುದು.

ಈ ಬಳಸುದಾರಿಯ ಬಲವನ್ನು ಜೀವಂತ ದೇಹದಲ್ಲಿಯೂ ಕಾಣಬಹುದು. ಮಹಾಪಧಮನಿಯು ಎಡ ಸಬ್‌ಕ್ಲೇವಿಯನ್ ಕವಲೊಡೆದ ಬಳಿಕ ಹುಟ್ಟಿನಿಂದಲೇ ಕಿರಿದಾಗಿರುವ ಕೋಆರ್ಕ್ಟೇಶನ್ ಎಂಬ ರೋಗದಲ್ಲಿ, ದೇಹದ ಕೆಳಭಾಗಕ್ಕೆ ಹೋಗಬೇಕಾದ ರಕ್ತದ ಒಂದು ಪಾಲು ಹಲಗೆಮೂಳೆಯ ಸುತ್ತಲಿನ ನಾಳಗಳನ್ನೂ ಪಕ್ಕೆಲುಬುಗಳ ನಡುವಣ ನಾಳಗಳನ್ನೂ ಹಿಡಿದು ಸಾಗುತ್ತದೆ. ರೋಗಿಯನ್ನು ಮುಂದಕ್ಕೆ ಬಾಗಿಸಿ, ತೋಳುಗಳನ್ನು ಇಳಿಬಿಡಿಸಿ, ಬೆನ್ನಿನ ಮೇಲೆ ಅಂಗೈಯಿಟ್ಟ ವೈದ್ಯರಿಗೆ ಮಾಮೂಲಿಗೆ ನಾಡಿ ಸಿಗದ ಆ ಜಾಗದಲ್ಲಿ ಹಿಗ್ಗಿದ ಅಪಧಮನಿಗಳ ಮಿಡಿತ ತಾಕುವುದುಂಟು.

ಕೀಲನ್ನು ಕಾಯುವ ನಾಲ್ವರು

ಭುಜದ ಕೀಲನ್ನು ಬಿಗಿಯಾಗಿ ಅಪ್ಪಿಕೊಂಡಿರುವ ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್ ಎಂಬ ನಾಲ್ಕು ಸ್ನಾಯುಗಳ ರಜ್ಜುಗಳು, ಎಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿಗಳು, ಒಂದಕ್ಕೊಂದು ಬೆಸೆದುಕೊಂಡು ಮೂಳೆಯ ತಲೆಗೆ ಹೊದಿಕೆಯಾಗಿವೆ. ಇದಕ್ಕೆ ರೊಟೇಟರ್ ಕಫ್ ಎಂದು ಹೆಸರು. ನಡುವಯಸ್ಸು ದಾಟಿದವರಲ್ಲಿ ಹರಿಯುವುದು ಹೆಚ್ಚಾಗಿ ಸುಪ್ರಾಸ್ಪೈನೇಟಸ್‌ನ ರಜ್ಜು. ಅದು ಹರಿಯುವುದೂ ಸಾಮಾನ್ಯವಾಗಿ ಮೂಳೆಗೆ ಅಂಟುವ ಜಾಗದಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ. ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ 1934ರ ತಮ್ಮ ಗ್ರಂಥದಲ್ಲಿ ಈ ಜಾಗದ ಕಡೆಗೆ ಗಮನ ಸೆಳೆದರು. ಕ್ರಿಟಿಕಲ್ ಜೋನ್, ಎಂದರೆ ಅಪಾಯದ ವಲಯ, ಎಂಬ ಹೆಸರು ಅದಕ್ಕೆ ನಿಂತಿತು.

ಆ ವಲಯದಲ್ಲಿ ರಕ್ತ ಕಡಿಮೆಯೇ ಎಂಬ ಪ್ರಶ್ನೆಯ ಇತಿಹಾಸ ಬೋಧಪ್ರದವಾದುದು. 1965ರಲ್ಲಿ ರಾಥ್‌ಮನ್ ಮತ್ತು ಪಾರ್ಕ್ ಈ ಹೊದಿಕೆಗೆ ರಕ್ತ ತರುವ ಆರು ಅಪಧಮನಿಗಳನ್ನು ಗುರುತಿಸಿ, ಸುಪ್ರಾಸ್ಕ್ಯಾಪುಲರ್ ಮತ್ತು ಎರಡು ಸರ್ಕಮ್‌ಫ್ಲೆಕ್ಸ್‌ಗಳು ಎಲ್ಲ ಭುಜಗಳಲ್ಲಿಯೂ ಪಾಲುಗೊಳ್ಳುತ್ತವೆ, ಉಳಿದ ಮೂರು ಕೆಲವು ಭುಜಗಳಲ್ಲಿ ಮಾತ್ರ ಎಂದು ತೋರಿಸಿದರು. 1970ರಲ್ಲಿ ರಾತ್‌ಬನ್ ಮತ್ತು ಮ್ಯಾಕ್‌ನ್ಯಾಬ್ ಶವಗಳ ಅಪಧಮನಿಗಳಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ತುಂಬಿ ನೋಡಿದಾಗ, ತೋಳು ಪಕ್ಕಕ್ಕೆ ಇಳಿಬಿದ್ದ ಭುಜದಲ್ಲಿ ಆ ವಲಯದ ನಾಳಗಳು ತುಂಬಲಿಲ್ಲ, ತೋಳನ್ನು ಮೈಯಿಂದ ದೂರಕ್ಕೆ ಎತ್ತಿಟ್ಟ ಭುಜದಲ್ಲಿ ತುಂಬಿದವು. ಒದ್ದೆ ಬಟ್ಟೆಯನ್ನು ಹಿಂಡಿದಂತೆ, ಇಳಿಬಿದ್ದ ತೋಳಿನ ಎಳೆತ ರಜ್ಜುವಿನೊಳಗಿನ ನಾಳಗಳನ್ನು ಹಿಂಡಿ ಬರಿದು ಮಾಡುತ್ತದೆಂದು ಅವರು ಅರ್ಥಮಾಡಿದರು. 1990ರಲ್ಲಿ ಲೋರ್ ಮತ್ತು ಉಥಾಫ್, ರಜ್ಜುವಿನ ಮೇಲ್ಮೈಯಲ್ಲಿ ನಾಳಗಳು ಸಾಕಷ್ಟಿವೆ, ಕೀಲಿನ ಕಡೆಗಿನ ಒಳಮೈಯಲ್ಲಿ ವಿರಳವಾಗಿವೆ ಎಂದು ಕಂಡರು. ಜೀವಂತ ರೋಗಿಗಳಲ್ಲಿ ಲೇಸರ್ ಡಾಪ್ಲರ್ ಉಪಕರಣದಿಂದ ಅಳೆದವರಿಗೆ ಅಪಾಯದ ವಲಯವೆಂದ ಕಡೆಯಲ್ಲಿಯೂ ರಕ್ತದ ಹರಿವು ಸಿಕ್ಕಿತು. ನಾಳಗಳ ಭೇದವೆಂದರೆ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಭೇದ ಮಾತ್ರವಲ್ಲ. ತೋಳಿನ ಭಂಗಿಯಿಂದ ಭಂಗಿಗೆ, ರಜ್ಜುವಿನ ಒಂದು ಮೈಯಿಂದ ಇನ್ನೊಂದು ಮೈಗೆ, ಶವದಿಂದ ಜೀವಕ್ಕೆ ಇರುವ ಭೇದವೂ ಹೌದು.

ಮೂಳೆಯ ವಿಷಯದಲ್ಲಿಯೂ ಇಂತಹ ತಿದ್ದುಪಡಿ ನಡೆದಿದೆ. ತೋಳಿನ ಮೂಳೆಯ ತಲೆಗೆ ಮುಂದಿನ ಸರ್ಕಮ್‌ಫ್ಲೆಕ್ಸ್ ಅಪಧಮನಿಯೇ ಮುಖ್ಯವಾಗಿ ರಕ್ತ ಕೊಡುತ್ತದೆಂದು ದಶಕಗಳ ಕಾಲ ನಂಬಲಾಗಿತ್ತು. 2010ರಲ್ಲಿ ಹೆಟ್‌ರಿಚ್ ಮತ್ತು ಸಂಗಡಿಗರು ಪ್ರಕಟಿಸಿದ ಅಳತೆಯಂತೆ ಶೇಕಡ 64ರಷ್ಟು ಪಾಲು ಹಿಂದಿನ ಸರ್ಕಮ್‌ಫ್ಲೆಕ್ಸ್‌ನದು. ಭುಜ ಮುರಿದಾಗ ಮುಂದಿನ ನಾಳ ಹರಿದರೂ ಅನೇಕರಲ್ಲಿ ಮೂಳೆಯ ತಲೆ ಸಾಯದೆ ಉಳಿಯುವುದು ಏಕೆಂಬುದು ಇದರಿಂದ ಅರ್ಥವಾಗುತ್ತದೆ.

ಸ್ನಾಯುವನ್ನು ಎತ್ತಿ ಕಟ್ಟುವ ಕೈ

ನಾಳಗಳ ಅರಿವು ಪ್ರಾಣದ ಪ್ರಶ್ನೆಯಾಗುವುದು ಪುನರ್‌ರಚನೆಯ ಶಸ್ತ್ರಚಿಕಿತ್ಸೆಯಲ್ಲಿ. ಒಂದು ಜಾಗದ ಸ್ನಾಯುವನ್ನು ಅದರ ರಕ್ತನಾಳದ ತೊಟ್ಟಿನ ಸಮೇತ ಎಬ್ಬಿಸಿ ಇನ್ನೊಂದು ಜಾಗದ ಕೊರತೆಯನ್ನು ತುಂಬುವುದಕ್ಕೆ ಫ್ಲಾಪ್ ಎನ್ನುತ್ತಾರೆ. 1981ರಲ್ಲಿ ಮ್ಯಾಥಿಸ್ ಮತ್ತು ನಹಾಯ್ ದೇಹದ ಸ್ನಾಯುಗಳನ್ನು ಅವುಗಳ ತೊಟ್ಟಿನ ಸಂಖ್ಯೆ ಮತ್ತು ಗಾತ್ರಕ್ಕೆ ತಕ್ಕಂತೆ ಐದು ಬಗೆಯಾಗಿ ವಿಂಗಡಿಸಿದರು. ಎದೆಯ ಪೆಕ್ಟೊರಾಲಿಸ್ ಮೇಜರ್ ಮತ್ತು ಬೆನ್ನಿನ ಲ್ಯಾಟಿಸಿಮಸ್ ಡಾರ್ಸೈ ಎರಡೂ ಒಂದು ದೊಡ್ಡ ತೊಟ್ಟು ಮತ್ತು ಹಲವು ಚಿಕ್ಕ ತೊಟ್ಟುಗಳಿರುವ ಐದನೆಯ ಬಗೆಗೆ ಸೇರುತ್ತವೆ.

1979ರಲ್ಲಿ ಸ್ಟೀಫನ್ ಅರಿಯನ್ ಬಳಕೆಗೆ ತಂದ ಪೆಕ್ಟೊರಾಲಿಸ್ ಫ್ಲಾಪ್, ಹೊಗೆಸೊಪ್ಪು ಮತ್ತು ಗುಟ್ಕಾದಿಂದ ಬಾಯಿಯ ಕ್ಯಾನ್ಸರ್ ಹೆಚ್ಚಾಗಿರುವ ಭಾರತದಲ್ಲಿ, ಕರ್ನಾಟಕದ ಕ್ಯಾನ್ಸರ್ ಆಸ್ಪತ್ರೆಗಳಲ್ಲಿಯೂ, ಇಂದಿಗೂ ನಿತ್ಯ ಬಳಕೆಯಲ್ಲಿದೆ. ಕೆನ್ನೆ ಅಥವಾ ದವಡೆಯ ಭಾಗವನ್ನು ತೆಗೆದ ಮೇಲೆ ಉಳಿಯುವ ಬಯಲನ್ನು ಮುಚ್ಚಲು ಎದೆಯ ಸ್ನಾಯುವನ್ನು ಚರ್ಮದ ಒಂದು ತುಂಡಿನೊಡನೆ ಎಬ್ಬಿಸಿ, ಕಾಲರ್‌ಬೋನಿನ ಮೇಲಿಂದ ತಿರುವಿ ಬಾಯಿಯವರೆಗೆ ತರುತ್ತಾರೆ. ಚರ್ಮದ ಮೇಲೆ ಹೆಗಲ ತುದಿಯಿಂದ ಎದೆಮೂಳೆಯ ಕೆಳತುದಿಗೆ ಗೆರೆಯೆಳೆದು ಥೊರಾಕೊಅಕ್ರೋಮಿಯಲ್ ನಾಳದ ಎದೆಗವಲು ಎಲ್ಲಿ ಹಾದಿರಬಹುದೆಂದು ಅಂದಾಜು ಮಾಡುವುದು ಮೊದಲ ಹೆಜ್ಜೆ. ಅನುಭವಿ ವೈದ್ಯರು ಅಲ್ಲಿಗೇ ನಿಲ್ಲದೆ ಸ್ನಾಯುವಿನ ಹೊರ ಅಂಚನ್ನು ಎತ್ತಿ, ಒಳಮೈಯನ್ನು ಬೆಳಕಿಗೆ ತಿರುಗಿಸಿ, ಮಿಡಿಯುವ ನಾಳವನ್ನು ಕಣ್ಣಾರೆ ಕಂಡ ಮೇಲೆಯೇ ಉಳಿದ ಅಂಚುಗಳನ್ನು ಬಿಡಿಸುತ್ತಾರೆ. ಎದೆಯ ಪಕ್ಕದಿಂದ ಬರುವ ಲ್ಯಾಟರಲ್ ಥೊರಾಸಿಕ್ ನಾಳದ ಪಾಲು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾದುದರಿಂದ, ಅದನ್ನು ಕತ್ತರಿಸಬಹುದೇ ಉಳಿಸಬೇಕೇ ಎಂಬುದನ್ನು ಆ ನೋಟವೇ ತೀರ್ಮಾನಿಸುತ್ತದೆ.

ಲ್ಯಾಟಿಸಿಮಸ್ ಡಾರ್ಸೈ ಫ್ಲಾಪನ್ನು ಸ್ತನದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಬಳಿಕ ಬಳಸಬಹುದೆಂದು ಇಟಲಿಯ ಇಜಿನಿಯೊ ತನ್ಸೀನಿ 1906ರಲ್ಲಿಯೇ ವಿವರಿಸಿದ್ದರೂ, ಅದು ಬಹುಕಾಲ ಮರೆತುಹೋಗಿ 1970ರ ದಶಕದಲ್ಲಿ ಮತ್ತೆ ಜೀವ ಪಡೆಯಿತು. ಕಂಕುಳಿನ ಗಂಟುಗಳನ್ನು ತೆಗೆಯುವಾಗ ಥೊರಾಕೊಡಾರ್ಸಲ್ ನಾಳ ಮೊದಲೇ ಕತ್ತರಿಸಿಹೋಗಿದ್ದ ಕೆಲವು ಮಹಿಳೆಯರಲ್ಲಿಯೂ ಈ ಫ್ಲಾಪ್ ಬದುಕುತ್ತದೆ. ಪಕ್ಕದ ಸೆರೇಟಸ್ ಸ್ನಾಯುವಿಗೆ ಹೋಗುವ ಕವಲಿನಲ್ಲಿ ರಕ್ತವು ಹಿಮ್ಮುಖವಾಗಿ ಹರಿದು ಸ್ನಾಯುವನ್ನು ಕಾಯುತ್ತದೆ. ಕತ್ತಿಯ ಒಂದು ತಪ್ಪು ಚಲನೆಗೂ ಒಬ್ಬ ಮಹಿಳೆಯ ಪುನರ್‌ರಚನೆಗೂ ನಡುವೆ ಆಗ ಉಳಿದಿರುವುದು ಆ ಒಂದು ಕವಲು. ಅದರ ಇರವನ್ನು ಬಲ್ಲವರು ಅದನ್ನು ಮುಟ್ಟದೆ ಬಿಡುತ್ತಾರೆ.

ಅರಿವಿನ ದತ್ತಿ

ಇಂದು ಸಿಟಿ ಆಂಜಿಯೋಗ್ರಾಮ್ ಎಂಬ ಚಿತ್ರಣವು ನಾಳಗಳೊಳಗೆ ಬಣ್ಣದ್ರವವನ್ನು ಹರಿಸಿ ಜೀವಂತ ವ್ಯಕ್ತಿಯ ಪಾಠವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಓದಿಕೊಡುತ್ತದೆ. ಆದರೆ ಪ್ರತಿಯೊಂದು ಶಸ್ತ್ರಚಿಕಿತ್ಸೆಗೂ ಅದನ್ನು ಮಾಡುವುದಿಲ್ಲ, ಮಾಡಿದಾಗಲೂ ತೆರೆಯ ಮೇಲಿನ ಬಿಳಿಯ ಎಳೆಯನ್ನು ಅರ್ಥಮಾಡಿಕೊಳ್ಳುವ ಕಣ್ಣು ತಯಾರಾಗುವುದು ಶವಚ್ಛೇದನದ ಮೇಜಿನಲ್ಲಿಯೇ. 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು, 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಮೊದಲಾದ ಸಂಸ್ಥೆಗಳಲ್ಲಿ ತಲೆಮಾರುಗಳ ವಿದ್ಯಾರ್ಥಿಗಳು ಕಂಕುಳಿನ ಕೊಬ್ಬನ್ನು ಎಳೆಯೆಳೆಯಾಗಿ ಬಿಡಿಸಿ ಈ ಕವಲುಗಳನ್ನು ಹುಡುಕಿದ್ದಾರೆ. ಕರಾವಳಿಯ ಅಂಗರಚನಾ ವಿಭಾಗಗಳಿಂದ ನಾಳಭೇದಗಳನ್ನು ಕುರಿತ ಅನೇಕ ವರದಿಗಳು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ವಿದ್ಯಾರ್ಥಿಯೊಬ್ಬನು ಪುಸ್ತಕದಲ್ಲಿಲ್ಲದ ಕವಲನ್ನು ಕಂಡಾಗ, ತಾನೇ ತಪ್ಪು ಕತ್ತರಿಸಿದೆನೆಂದು ಅಂಜಿ ಅದನ್ನು ಕಿತ್ತುಹಾಕದೆ, ಅಧ್ಯಾಪಕರನ್ನು ಕರೆದು, ಅಳೆದು, ಚಿತ್ರ ಬರೆದು ದಾಖಲಿಸುವ ಅಭ್ಯಾಸವನ್ನು ಪ್ರತಿಯೊಂದು ಕಾಲೇಜೂ ಬೆಳೆಸಬೇಕಾಗಿದೆ. ಅಡಿಟಿಪ್ಪಣಿ ಬರೆಯದ ಸಂಪಾದಕನ ಕೈಯಲ್ಲಿ ಪಾಠಾಂತರ ಅಳಿಯುವಂತೆ, ದಾಖಲಿಸದ ಕೈಯಲ್ಲಿ ಒಂದು ದೇಹದ ಪಾಠ ಶಾಶ್ವತವಾಗಿ ಅಳಿದುಹೋಗುತ್ತದೆ.

ಈ ದೇಹಗಳು ಬರುವುದು ಎಲ್ಲಿಂದ ಎಂಬುದನ್ನೂ ಇಲ್ಲಿ ನೆನೆಯಬೇಕು. 1957ರ ಅಂಗರಚನಾಶಾಸ್ತ್ರ ಕಾಯಿದೆಯ ಮೂಲಕ ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಒಪ್ಪಿಸುವ ವ್ಯವಸ್ಥೆ ಈ ರಾಜ್ಯದಲ್ಲಿ ಬಂದಿತು. ಈಚಿನ ದಶಕಗಳಲ್ಲಿ ಬದುಕಿರುವಾಗಲೇ ಒಪ್ಪಿಗೆ ಬರೆದುಕೊಟ್ಟು ದೇಹದಾನ ಮಾಡುವವರೂ ಮುಂದೆ ಬರುತ್ತಿದ್ದಾರೆ. ದತ್ತಿಯೆಂದರೆ ಕೊಟ್ಟವರು ಇಲ್ಲವಾದ ಮೇಲೂ ವರ್ಷ ವರ್ಷ ಫಲ ಕೊಡುವಂತೆ ಇಟ್ಟ ಇಡುಗಂಟು. ಮೇಜಿನ ಮೇಲೆ ಮಲಗಿದ ಹೆಸರಿಲ್ಲದ ದೇಹವೊಂದರ ಎಡಗಂಕುಳಿನಲ್ಲಿ, ಚೌಕದ ಕಿಟಕಿಯಲ್ಲಿ ನರ ಒಂಟಿಯಾಗಿರುವುದನ್ನು ಕಂಡು ಅಪಧಮನಿಯನ್ನು ಕೆಳಗಿನಿಂದ ಹುಡುಕಿ ತೆಗೆದ ವಿದ್ಯಾರ್ಥಿನಿ, ವರ್ಷಗಳ ಬಳಿಕ ಮುರಿದ ಭುಜವೊಂದನ್ನು ಜೋಡಿಸುವಾಗ ಅದೇ ಜಾಗದಲ್ಲಿ ಕತ್ತಿಯನ್ನು ಒಂದು ಕ್ಷಣ ತಡೆದು ನೋಡುತ್ತಾಳೆ. ಆ ತಡೆದ ಕ್ಷಣವೇ ಆ ದೇಹವು ಬಿಟ್ಟುಹೋದ ದತ್ತಿಯ ಫಲ.